ಮೂರು ಥರ್ಮಾಮೀಟರಿನಲ್ಲಿ ಅಣುಗಳ ಸೆಳೆತ

ಅಣುಗಳ ನಡುವಿನ ಆಕರ್ಷಣೆಯನ್ನು ಪಿಯು ಮಕ್ಕಳಿಗೆ ತೋರಿಸಲು ನಾನು ಬಳಸುವುದು ಎಸಿಟೋನ್, 1-ಪ್ರೊಪನಾಲ್ ಮತ್ತು 1-ಬ್ಯುಟನಾಲ್. ಎಸಿಟೋನಿನ ಅಣುತೂಕ 58, ಪ್ರೊಪನಾಲಿನದು 60. ತೂಕ ಹತ್ತಿರವಿರುವುದರಿಂದ ಲಂಡನ್ ಬಲವೂ (ಎಲ್ಲ ಅಣುಗಳ ನಡುವೆಯೂ ಇರುವ ಸಾಮಾನ್ಯ ಸೆಳೆತ) ಹೆಚ್ಚುಕಡಿಮೆ ಸಮ. ಆದರೂ ಒಂದು 56 ಡಿಗ್ರಿಗೆ ಕುದಿಯುತ್ತದೆ, ಇನ್ನೊಂದು 97ಕ್ಕೆ. ಈ ಅಂತರ ಬಹುಪಾಲು ಹೈಡ್ರೋಜನ್ ಬಂಧದ ಕೆಲಸ, ಅಂದರೆ ಒಂದು ಪ್ರೊಪನಾಲ್ ಅಣುವಿನ O–H ತುದಿಯ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕಕ್ಕೆ ಅಂಟಿಕೊಳ್ಳುವ ಸೆಳೆತದ ಕೆಲಸ. ಅದೇ 58 ತೂಕದ ಬ್ಯುಟೇನಿಗೆ ಧ್ರುವೀಯತೆಯೂ (ಒಂದು ಬದಿ ತುಸು ಧನ, ಇನ್ನೊಂದು ತುಸು ಋಣ ಆಗಿರುವುದು) ಇಲ್ಲ, ಹೈಡ್ರೋಜನ್ ಬಂಧವೂ ಇಲ್ಲ; ಅದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಕುದಿಯುತ್ತದೆ.

ದ್ರವ ಆವಿಯಾಗುವಾಗ ಶಾಖ ಒಯ್ಯುತ್ತದೆ; ಸೆಳೆತ ಕಡಿಮೆಯಿದ್ದಷ್ಟೂ ಬೇಗ ಆವಿಯಾಗಿ ಥರ್ಮಾಮೀಟರ್ ಹೆಚ್ಚು ಇಳಿಯುತ್ತದೆ. ಅದನ್ನೇ ಅಳೆಯಲು ಮೂರು ಪ್ರನಾಳಗಳಲ್ಲಿ ತಲಾ 10 ಮಿ.ಲೀ. ದ್ರವ ಹಾಕಿ ಬಿರಡೆ ಮುಚ್ಚಿಡಿ. ಫಿಲ್ಟರ್ ಪೇಪರನ್ನು 2.5 ಸೆಂ.ಮೀ. ಚೌಕವಾಗಿ ಕತ್ತರಿಸಿ, ಥರ್ಮಾಮೀಟರಿನ ಬುರುಡೆಗೆ ಒಂದೇ ಬಿಗಿಯಲ್ಲಿ ಸುತ್ತಿ ಸಣ್ಣ ರಬ್ಬರ್ ಬ್ಯಾಂಡ್ ಹಾಕಿ. ಮುಕ್ಕಾಲು ನಿಮಿಷ ದ್ರವದಲ್ಲಿ ಅದ್ದಿ, ಉಷ್ಣತೆ ನಿಂತ ಮೇಲೆ ಬರೆದುಕೊಳ್ಳಿ. ನಂತರ ಹೊರತೆಗೆದು, ಬುರುಡೆ ಮೇಜಿನಂಚಿನಿಂದ 5 ಸೆಂ.ಮೀ. ಹೊರಚಾಚುವಂತೆ ಟೇಪ್ ಅಂಟಿಸಿ. ನಾಲ್ಕು ನಿಮಿಷ, 15 ಸೆಕೆಂಡಿಗೊಮ್ಮೆ ಓದಿ. ಎಸಿಟೋನ್ ಹತ್ತು ಡಿಗ್ರಿಗೂ ಹೆಚ್ಚು ಇಳಿಯುತ್ತದೆ, ಪ್ರೊಪನಾಲ್ ನಾಲ್ಕೈದು, ಬ್ಯುಟನಾಲ್ ಒಂದೆರಡು. ಮೂರೂ ಬೇಗ ಹೊತ್ತಿಕೊಳ್ಳುವ ದ್ರವಗಳು. ಕೊಠಡಿಯಲ್ಲಿ ಒಂದು ಬರ್ನರ್ ಕೂಡ ಉರಿಯುತ್ತಿರಬಾರದು, ಕಿಟಕಿ ತೆರೆದಿರಲಿ.

ಫ್ಯಾನ್ ಮಾತ್ರ ಆರಿಸಲೇಬೇಕು. ಗಾಳಿ ನೇರವಾಗಿ ಬೀಳುವ ಥರ್ಮಾಮೀಟರ್ ಹೆಚ್ಚು ಇಳಿಯುತ್ತದೆ, ಆಗ ಹೋಲಿಕೆಯೇ ಕೆಡುತ್ತದೆ. ಎಸಿಟೋನ್ ತಳ ಮುಟ್ಟಿ ಮತ್ತೆ ಏರತೊಡಗಿದರೆ ಕಾಗದ ಒಣಗಿತೆಂದು ಅರ್ಥ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಆ ತಳದ ಅಂಕಿ. ಮಳೆಗಾಲದಲ್ಲಿ ಇನ್ನೊಂದು ತೊಡಕು: ತಣ್ಣಗಾದ ಕಾಗದದ ಮೇಲೆ ಗಾಳಿಯ ತೇವ ಹನಿಗಟ್ಟಿ, ಇಳಿಕೆ ಕಡಿಮೆ ಬರುತ್ತದೆ.

ನೀರನ್ನು ಈ ಸಾಲಿಗೆ ಸೇರಿಸುವುದಿಲ್ಲ. ಗಾಳಿಯಲ್ಲಿ ಎಸಿಟೋನ್ ಆವಿ ಇರುವುದಿಲ್ಲ, ನೀರಾವಿ ಮೊದಲೇ ಇರುತ್ತದೆ. ಹಾಗಾಗಿ ನೀರಿನ ಅಂಕಿ ಅಣುಬಲಕ್ಕಿಂತ ಹೆಚ್ಚಾಗಿ ಆ ಊರಿನ ಹವೆಯನ್ನು ಹೇಳುತ್ತದೆ. ವಿಜಯಪುರದ ಒಣ ಬೇಸಿಗೆಯಲ್ಲಿ ಹತ್ತು ಡಿಗ್ರಿ ದಾಟಬಹುದು. ಜುಲೈನ ಉಡುಪಿಯಲ್ಲಿ ಎರಡು ಮೂರು ಡಿಗ್ರಿಗೆ ನಿಂತುಬಿಡುತ್ತದೆ. ಮಡಕೆಯ ನೀರು ಕರಾವಳಿಯಲ್ಲಿ ಅಷ್ಟಾಗಿ ತಣ್ಣಗಾಗದಿರುವುದೂ ಇದಕ್ಕೇ.

ನಿಜವಾದ ಎಡವಟ್ಟು ಅಂಕಿಗಳನ್ನು ಅರ್ಥಮಾಡಿಕೊಳ್ಳುವಲ್ಲಿದೆ. 'ಎಸಿಟೋನ್ ಹೆಚ್ಚು ತಂಪಾಯಿತು, ಅಂದರೆ ಹೆಚ್ಚು ಶಾಖ ಹೀರಿತು, ಅಂದರೆ ಅದರ ಬಲವೇ ಜಾಸ್ತಿ' ಎಂದು ಚುರುಕಾದ ಮಕ್ಕಳೇ ಬರೆಯುತ್ತಾರೆ. ಅವರನ್ನು ಗದರಬಾರದು, ತರ್ಕ ಅರ್ಧ ಸರಿಯಾಗಿಯೇ ಇದೆ. ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ) ಆವಿಯಾಗಲು ಎಸಿಟೋನಿಗೆ ಸುಮಾರು 31 ಕಿಲೋಜೌಲ್ ಸಾಕು, ಪ್ರೊಪನಾಲಿಗೆ ಸುಮಾರು 47 ಬೇಕು. ಆದರೆ 25 ಡಿಗ್ರಿಯಲ್ಲಿ ಎಸಿಟೋನಿನ ಆವಿ ಒತ್ತಡ (ಅಣುಗಳು ಎಷ್ಟು ಸುಲಭವಾಗಿ ಆವಿಯಾಗುತ್ತವೆಂಬುದರ ಅಳತೆ) ಪ್ರೊಪನಾಲಿನದಕ್ಕಿಂತ ಹತ್ತು ಪಟ್ಟು ಮೀರಿದೆ. ಪ್ರತಿ ಅಣು ಒಯ್ಯುವ ಶಾಖ ಕಡಿಮೆ, ಹೊರಡುವ ಅಣುಗಳು ಬಹಳ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದ ಮೇಲೆಯೇ ಗ್ರಾಫ್ ಹಾಕಿಸುತ್ತೇನೆ.

ಪ್ರೊಪನಾಲ್ ಆವಿಯಾಗುವಾಗ ಅಣುವಿನೊಳಗಿನ O–H ಬಂಧವೇ ಮುರಿಯಿತೆಂದು ಬರೆಯುವವರೂ ಇದ್ದಾರೆ. ಅದಕ್ಕೆ ಮೋಲ್‌ಗೆ 460 ಕಿಲೋಜೌಲ್‌ನಷ್ಟು ಬೇಕು. ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು. ಕಾಗದದಿಂದ ಎದ್ದುಬರುವ ವಾಸನೆ ಪ್ರೊಪನಾಲಿನದೇ, ಅಣು ಇಡಿಯಾಗಿಯೇ ಹೊರಟಿದೆ.