ಸ್ಟಾಕ್ ಸಾಫ್ಟ್‌ವೇರ್ ಹಾಕಿಸುವ ಮುಂಚೆ ಈ ಲೆಕ್ಕ ನೋಡಿ

ಮಂಡಿಪೇಟೆ, ವಸಂತನರಸಾಪುರ ಕಡೆ ವ್ಯಾಪಾರ ಮಾಡುವ ತುಮಕೂರಿನ ಸ್ನೇಹಿತರೇ, ಖರೀದಿಯಿಂದ ಡೆಲಿವರಿವರೆಗೆ ನೋಡಿಕೊಳ್ಳುವ ಸಾಫ್ಟ್‌ವೇರ್ ಹಾಕಿಸಿದರೆ ದುಡ್ಡು ವಾಪಸ್ ಬರುತ್ತಾ ಅಂತ ಸುಮಾರು ಜನ ಕೇಳುತ್ತಿದ್ದೀರಿ. ಬರುತ್ತದೆ, ಆದರೆ ಎಲ್ಲರಿಗೂ ಅಲ್ಲ.

ಗೋಡೌನ್‌ನಲ್ಲಿ 20 ಲಕ್ಷದ ಮಾಲಿದೆ, ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್ ಸಾಲ) ಬಡ್ಡಿ ವರ್ಷಕ್ಕೆ ಶೇ 12 ಅಂದುಕೊಳ್ಳಿ. ಸಾಫ್ಟ್‌ವೇರ್‌ನಿಂದ ಸ್ಟಾಕ್ 16 ಲಕ್ಷಕ್ಕೆ ಇಳಿದರೆ ವರ್ಷಕ್ಕೆ 48,000 ರೂಪಾಯಿ ಬಡ್ಡಿ ಉಳಿಯುತ್ತದೆ. ಸಾಫ್ಟ್‌ವೇರ್ ಬಾಡಿಗೆಯೇ ವರ್ಷಕ್ಕೆ 60,000 ಆದರೆ? ಬಡ್ಡಿ ಒಂದರಿಂದಲೇ ಗಿಟ್ಟುವುದಿಲ್ಲ, ಅಲ್ವಾ? ಡೇಟ್ ಮುಗಿದು ಎಸೆದ ಮಾಲು, ಸ್ಟಾಕ್ ಇಲ್ಲದೆ ಕೈತಪ್ಪಿದ ಆರ್ಡರ್, ಅರ್ಧ ಖಾಲಿ ಓಡಿದ ಗಾಡಿಯ ಡೀಸೆಲ್, ಇವನ್ನೂ ಸೇರಿಸಬೇಕು. ಮೊದಲು ಮೂರು ತಿಂಗಳು ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಆ ಲೆಕ್ಕ ಕೈಯಲ್ಲಿಲ್ಲದೆ ಡೆಮೊ ನೋಡಲು ಕೂರಬೇಡಿ. ಡೆಮೊದಲ್ಲಿ ಎಲ್ಲವೂ ಬೇಕು ಅನ್ನಿಸುತ್ತದೆ.

ಬಾಡಿಗೆ ಮೇಲೆ ಶೇ 18 ಜಿಎಸ್‌ಟಿ ಇದೆ. ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ತೆರಿಗೆ ಕಟ್ಟುವ ಜಿಎಸ್‌ಟಿ ಸ್ಕೀಮ್) ಇರುವವರಿಗೆ ಅದರ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು, ಮಾಲು ಇಳಿದ ತಕ್ಷಣ ಎಂಟ್ರಿ ಮಾಡುವವರು ಯಾರು ಅನ್ನೋದು. ನಮ್ಮ ಗೋಡೌನ್‌ನಲ್ಲಿ ಹುಡುಗರು ಸಂಜೆ ನೆನಪಿನಿಂದ ಹಾಕುತ್ತಿದ್ದರು. ಸ್ಕ್ರೀನ್‌ನಲ್ಲಿ 40 ಬಾಕ್ಸ್, ಎಣಿಸಿದರೆ 31. ಕನ್ನಡದಲ್ಲಿರುವ ಮೊಬೈಲ್ ಆಪ್ ಅವರ ಕೈಗೆ ಕೊಟ್ಟ ಮೇಲೆಯೇ ಸರಿಹೋಯಿತು. ಪಾಪ, ತಪ್ಪು ಅವರದ್ದಲ್ಲ, ಮೊದಲಿನದು ಪೂರ್ತಿ ಇಂಗ್ಲಿಷ್‌ನಲ್ಲಿತ್ತು.

50,000 ರೂಪಾಯಿ ದಾಟಿದ ಮಾಲಿನ ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಪರ್ಮಿಟ್) ಸಾಫ್ಟ್‌ವೇರ್‌ನಲ್ಲೇ ಆಗುತ್ತಾ ಅಂತ ಮಾರುವವರನ್ನು ಕೇಳಿ. ಮುಂದೆ ಆ ಸಾಫ್ಟ್‌ವೇರ್ ಬಿಟ್ಟರೆ ನಿಮ್ಮ ಡೇಟಾ ಎಕ್ಸೆಲ್‌ನಲ್ಲಿ ವಾಪಸ್ ಕೊಡುತ್ತೇವೆ ಅಂತ ಮೊದಲೇ ಬರೆಸಿಕೊಳ್ಳಿ.