ತೋಟೆ ನುಂಗದ ಪಿಸ್ತೂಲು: ನನ್ನ ಅನುಭವ

ಮಡಿಕೇರಿ ಹತ್ತಿರದ ನಮ್ಮ ಮನೆಯ ಒಂಟಿನಳಿಗೆ ಕೋವಿಯಲ್ಲಿ ತೋಟೆ ಸಿಕ್ಕಿಕೊಂಡಿದ್ದನ್ನು ನಾನು ಕಂಡೇ ಇಲ್ಲ. ಕೈಯಲ್ಲಿ ಹಾಕೋದು, ಮುಚ್ಚೋದು, ಅಷ್ಟೇ. ಇಲ್ಲಿ ಟೆಕ್ಸಾಸ್‌ನಲ್ಲಿ ಸುಮಾರು 850 ಡಾಲರ್ ಸುರಿದು ತಂದ ಹೊಸ 1911 ಮಾದರಿಯ ಪಿಸ್ತೂಲು ಆರನೇ ಗುಂಡಿಗೇ ಬಾಯಿ ಕಚ್ಚಿಕೊಂಡು ನಿಂತಿತು. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಮಾಡಿದ ಪರೀಕ್ಷೆಯಲ್ಲಿ ಈ ಮಾದರಿ ರೂಪಿಸಿದ ಜಾನ್ ಬ್ರೌನಿಂಗ್ ಅವರ ಪಿಸ್ತೂಲು 6,000 ಗುಂಡು ತಕರಾರಿಲ್ಲದೆ ಹಾರಿಸಿತ್ತಂತೆ. ನಂದು ಆರು. ಮೂರು ಸೊನ್ನೆ ಕಮ್ಮಿ.

ಮೊದಲ ನೂರರಲ್ಲಿ ಹದಿನಾಲ್ಕೋ ಹದಿನೈದೋ ಸಲ ನಿಂತಿತು. 230 ಗ್ರೇನ್ (ಗುಂಡಿನ ತೂಕದ ಅಳತೆ) ಇರುವ ಸಾದಾ ದುಂಡು ಮೂತಿಯ ತೋಟೆ, ಗೊತ್ತಿರೋ ಕಂಪನಿಯದ್ದೇ. ಪ್ರತಿ ಸಲವೂ ಒಂದೇ ಭಂಗಿ: ಮೂತಿ ಚೇಂಬರಿನ (ನಳಿಗೆಯಲ್ಲಿ ತೋಟೆ ಕೂರುವ ಗೂಡು) ಮೇಲ್ಭಾಗಕ್ಕೆ, ಬುಡ ಬ್ರೀಚಿಗೆ (ಹಿಂದಿನಿಂದ ತೋಟೆ ತಳ್ಳುವ ಮುಖ) ಒತ್ತಿಕೊಂಡು, ಗೋಡೆಗೆ ಒರಗಿಸಿದ ಏಣಿ ಹಾಗೆ ಓರೆಯಾಗಿ ನಿಂತಿರುತ್ತಿತ್ತು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಹಿಂಬದಿಗೆ ಅಂಗೈಯಿಂದ ಒಂದು ಕೊಟ್ಟರೆ ಟಕ್ ಅಂತ ಒಳಗೆ. ಈ ಟಕ್ ಅನ್ನೋದರಲ್ಲೇ ಉತ್ತರ ಇತ್ತು, ನನಗೆ ಎರಡು ತಿಂಗಳು ಹೊಳೆಯಲಿಲ್ಲ.

ಗುಂಡು ಹೊಡೆಯೋ ರೇಂಜಿನಲ್ಲಿ ದಾವಣಗೆರೆ ಕಡೆಯ ಒಬ್ಬ ಹಿರಿಯರಿದ್ದಾರೆ, ನಾವೆಲ್ಲ ಅಣ್ಣ ಅಂತೀವಿ. "ನಿನ್ನ ಮಣಿಕಟ್ಟು ಸಡಿಲ ಕಣೋ" ಅಂದರು. ನೀವೇ ಹೊಡೀರಿ ಅಣ್ಣಾ ಅಂತ ಕೊಟ್ಟೆ. ಮೂರನೇದಕ್ಕೇ ನಿಂತಿತು. ತಕ್ಷಣ ಮಾತು ಬದಲು: "ಹೊಸದಲ್ವಾ, ಐನೂರು ಹೊಡಿ, ತಾನೇ ಪಳಗುತ್ತೆ." ಐವತ್ತರ ಡಬ್ಬಿಗೆ ಇಪ್ಪತ್ತೆಂಟು ಡಾಲರಿನ ಹಾಗೆ ಐನೂರಕ್ಕೆ ಎಷ್ಟಾಯಿತು ನೀವೇ ಲೆಕ್ಕ ಹಾಕಿ. ಇನ್ನೂರಕ್ಕೆ ನಿಲ್ಲಿಸಿದೆ.

ಆಮೇಲೆ ಎಲ್ಲರೂ ಮಾಡೋ ತಪ್ಪುಗಳನ್ನೆಲ್ಲ ನಾನೂ ಮಾಡಿದೆ. ಸ್ಪ್ರಿಂಗ್ ಗಟ್ಟಿ ಇದ್ದರೆ ಸ್ಲೈಡ್ ಜೋರಾಗಿ ತಳ್ಳುತ್ತೆ ಅಂತ 16 ಪೌಂಡ್ ಬಿಗಿಯದ್ದು ತೆಗೆದು ಹದಿನೆಂಟೂವರೆಯದ್ದು ಹಾಕಿದೆ. ಇನ್ನೂ ಕೆಟ್ಟಿತು. ಮ್ಯಾಗಜಿನ್, ಅಂದರೆ ತೋಟೆ ತುಂಬೋ ಪೆಟ್ಟಿಗೆ, ಮುಂದಿನ ತೋಟೆಯನ್ನು ಮೇಲೆತ್ತುವಷ್ಟರಲ್ಲಿ ಸ್ಲೈಡ್ ಅದನ್ನು ದಾಟಿ ಬಂದುಬಿಡುತ್ತಿತ್ತು. ಹನ್ನೆರಡು ಡಾಲರ್ ನೀರಿಗೆ. ಮ್ಯಾಗಜಿನ್‌ಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದು ಲೆಕ್ಕ ಇಟ್ಟೆ. ನಾಲ್ಕರಲ್ಲೂ ನಿಲ್ಲುತ್ತಿತ್ತು, ಮೂರನೇದರಲ್ಲಿ ಸ್ವಲ್ಪ ಜಾಸ್ತಿ. ಅದಕ್ಕೆ ಹೊಸ ಎರಡು ತಂದೆ, ಎಪ್ಪತ್ತು ಚಿಲ್ಲರೆ ಹೋಯಿತು. ತೋಟೆ ಹತ್ತಿ ಚೇಂಬರಿಗೆ ಹೋಗುವ ಇಳಿಜಾರಿಗೆ, ಅಂದರೆ ರ‍್ಯಾಂಪಿಗೆ ಫೆಲ್ಟ್ ಮತ್ತು ಪೇಸ್ಟ್ ಹಾಕಿ ಉಜ್ಜಿದೆ, ಮುಖ ಕಾಣುವ ಹಾಗೆ ಹೊಳೆಯಿತು, ಅಷ್ಟೇ. ದಯವಿಟ್ಟು ಅಲ್ಲಿ ಕಲ್ಲು, ಅರ ಆಡಿಸಬೇಡಿ. ಕೋನ ಕೆಟ್ಟರೆ ಪಿಸ್ತೂಲಿನ ಮೈ, ಅಂದರೆ ಫ್ರೇಮ್, ಹೋಯಿತು ಅಂತಲೇ. ಒಬ್ಬ ಗನ್‌ಸ್ಮಿತ್ ನೋಡೋದಕ್ಕೇ ತೊಂಬತ್ತು ತಗೊಂಡು, ಎಣ್ಣೆ ಹಾಕಿ ವಾಪಸ್ ಕೊಟ್ಟ. ಅವನ ಎಣ್ಣೆ ಚೆನ್ನಾಗಿತ್ತು.

ನಡುವೆ ರೀಲೋಡಿಂಗ್, ಅಂದರೆ ತೋಟೆಯನ್ನು ನಾನೇ ತುಂಬೋ ಹುಚ್ಚು ಬೇರೆ. ತೋಟೆಯ ಉದ್ದದ್ದೇ ದೋಷ ಇರಬಹುದು ಅಂತ 200 ಗ್ರೇನಿನ, ಚಪ್ಪಟೆ ಮೂತಿಯ ಗುಂಡುಗಳಾದ ಸೆಮಿ ವಾಡ್‌ಕಟರ್‌ಗಳನ್ನು 1.235, 1.250, 1.260 ಇಂಚಿಗೆ ಕೂರಿಸಿ ನೋಡಿದೆ. ಬ್ಯಾರಲ್ ಬಿಚ್ಚಿ ಒಂದೊಂದನ್ನೂ ಚೇಂಬರಿಗೆ ಇಳಿಬಿಟ್ಟರೆ ಎಲ್ಲವೂ ಸಲೀಸಾಗಿ ಕೂರುತ್ತಿದ್ದವು, ಪಿಸ್ತೂಲಲ್ಲಿ ಮಾತ್ರ ಅದೇ ಏಣಿ.  

ಒಂದು ಭಾನುವಾರ ಸ್ಲೈಡ್ ಬಿಚ್ಚಿ ದೀಪದ ಕೆಳಗೆ ಇಟ್ಟುಕೊಂಡೆ. ಮನೆಯಲ್ಲಿ ಪಿಸ್ತೂಲು ಬಿಚ್ಚಿದಾಗ ಮದ್ದಿಲ್ಲದ ಡಮ್ಮಿ ತೋಟೆ ಮಾತ್ರ, ಅದು ನನ್ನ ಕಟ್ಟುನಿಟ್ಟು. ಡಮ್ಮಿಯ ಬುಡಕ್ಕೆ ಕಪ್ಪು ಮಾರ್ಕರ್ ಹಚ್ಚಿ, ಬೆರಳಲ್ಲಿ ಕೆಳಗಿನಿಂದ ಬ್ರೀಚಿನ ಮೇಲೆ ಜಾರಿಸಿದೆ. ಅರ್ಧ ಹತ್ತಿತು, ನಿಂತಿತು. ಬಲ ಹಾಕಿದರೆ ಟಕ್! ಅದೇ ಶಬ್ದ. ತೆಗೆದು ನೋಡಿದರೆ ಬುಡದ ಅಂಚಿನ, ಅಂದರೆ ರಿಮ್ಮಿನ, ಒಂದು ಕಡೆ ಮಸಿ ಕೆರೆದುಹೋಗಿ ಹಿತ್ತಾಳೆ ಹೊಳೆಯುತ್ತಿದೆ. ಗುಂಡು ಹಾರಿದ ಮೇಲೆ ಖಾಲಿ ಕೇಸ್ (ತೋಟೆಯ ಚಿಪ್ಪು) ಎಳೆಯುವ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯ ಕೆಳಗೆ ಚಿನ್ನದ ಧೂಳಿನಂಥ ಪುಡಿ. ಕೊಕ್ಕೆಯ ಕೆಳ ಅಂಚು ಚೂರಿಯ ಹಾಗೆ ಚೂಪು, ಬಿಗಿಯೂ ಅತಿ. ರಿಮ್ ಕೊಕ್ಕೆಯೊಳಗೆ ಜಾರಿ ಮೇಲೇರಬೇಕಲ್ಲ, ಅದು ಬಿಡುತ್ತಿರಲಿಲ್ಲ.

ಅಣ್ಣನಿಗೆ ಹೇಳಿದರೆ ನಕ್ಕರು. "ಎಕ್ಸ್‌ಟ್ರಾಕ್ಟರ್ ಖಾಲಿ ಕೇಸ್ ಎಳೆಯೋದಕ್ಕೆ ಇರೋದು. ಒಳಗೆ ಹೋಗೋದಕ್ಕೂ ಅದಕ್ಕೂ ಏನು ಸಂಬಂಧ?" ಬೇರೆ ಪಿಸ್ತೂಲುಗಳಲ್ಲಿ ಕೆಲವಕ್ಕೆ ಆ ಮಾತು ನಡೆಯಬಹುದು, 1911 ಪಿಸ್ತೂಲಿನಲ್ಲಿ ನಡೆಯಲ್ಲ.

ಕೆಳ ಅಂಚನ್ನು ನುಣ್ಣನೆ ಕಲ್ಲಿನಲ್ಲಿ ದುಂಡಗೆ ಮಾಡಿದೆ, ಹತ್ತು ನಿಮಿಷದ ಕೆಲಸ. ಬಿಗಿ ಇಳಿಸೋದಕ್ಕೆ ಎಕ್ಸ್‌ಟ್ರಾಕ್ಟರನ್ನು ಅದರ ಗೂಡಿನಲ್ಲೇ ಅರ್ಧ ತೂರಿಸಿ ಬಾಗಿಸಬೇಕು. ಯಾವ ಜಾಗದಲ್ಲಿ, ಎಷ್ಟು ಅನ್ನೋದನ್ನು ಇಲ್ಲಿ ಬರೆಯಲ್ಲ. ಒಂದು ಎಕ್ಸ್‌ಟ್ರಾಕ್ಟರ್ ಮುರಿದು, ಮೂವತ್ತು ಡಾಲರ್ ಕಟ್ಟಿ ಕಲಿತದ್ದು. ಡಮ್ಮಿಯನ್ನು ಕೊಕ್ಕೆಗೆ ಸಿಕ್ಕಿಸಿ ಸ್ಲೈಡನ್ನು ಮೆಲ್ಲಗೆ ಅಲ್ಲಾಡಿಸಿದರೆ ಬೀಳಬಾರದು, ಜೋರಾಗಿ ಕೊಡವಿದರೆ ಬೀಳಬೇಕು. ನನ್ನ ಅಳತೆ ಅಷ್ಟೇ.

ಮುಂದಿನ ಶನಿವಾರ ಹಳೇ 16 ಪೌಂಡಿನ ಸ್ಪ್ರಿಂಗಿನಲ್ಲೇ ಮುನ್ನೂರು ಹೊಡೆದೆ. ಒಂದೂ ನಿಲ್ಲಲಿಲ್ಲ. ಈಗ ಒಂಬೈನೂರರ ಹತ್ತಿರ ಬಂದಿರಬೇಕು, ನಿಂತಿದ್ದು ಎರಡು ಸಲ, ಎರಡೂ ನಾನೇ ತುಂಬಿದ, ಬಾಯಿ ಸರಿಯಾಗಿ ಬಿಗಿಯಾಗದ ತೋಟೆಗಳು. ಈ ಸಲ ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ದಿನ ಅದಕ್ಕೂ ಒಂದು ಹೂವು ಇಟ್ಟೆ.

ಹೋದ ವಾರ ಅಣ್ಣ ತಮ್ಮ 1911 ತಂದು ನನ್ನ ಮೇಜಿನ ಮೇಲಿಟ್ಟರು. "ಇದರದ್ದೂ ಎಕ್ಸ್‌ಟ್ರಾಕ್ಟರ್ ನೋಡೋ." ನೋಡಿದೆ. ಅದು ಸರಿಯಾಗೇ ಇದೆ. ಅವರ ಎರಡನೇ ಮ್ಯಾಗಜಿನ್‌ನ ತೋಟೆ ಹಿಡಿಯುವ ತುಟಿ ಒಂದು ಕಡೆ ಅಗಲವಾಗಿದೆ. ಇನ್ನೂ ಹೇಳಿಲ್ಲ.