ಬೆಂಗಳೂರಿನ ರಸ್ತೆಗೆ ಸ್ಪೋರ್ಟ್ಸ್ ಕಾರಿನ ಸಸ್ಪೆನ್ಷನ್: ಶಾಕ್ಸ್ ಮೊದಲು, ಎತ್ತರ ಆಮೇಲೆ

ನನ್ನ ಹತ್ತಿರ ಇರುವುದು ಎರಡನೇ ತಲೆಮಾರಿನ ಆಡಿ ಟಿಟಿ. ರಾಜಾಜಿನಗರದಿಂದ ಪೀಣ್ಯದ ಫ್ಯಾಕ್ಟರಿಗೆ ದಿನಾ ಹೋಗಿಬರುವುದು ಇದರಲ್ಲೇ. ರಜೆ ಸಿಕ್ಕಾಗ ಚಿಕ್ಕಮಗಳೂರಿನ ಕಡೆ ಹೊರಡುವುದೂ ಇದರಲ್ಲೇ. ಪಕ್ಕದ ಸೀಟಲ್ಲಿ ಎಷ್ಟೋ ಸಲ ಅಮ್ಮ ಇರುತ್ತಾರೆ, ಅವರಿಗೆ ಸೊಂಟ ನೋವು. ಟ್ರ್ಯಾಕ್‌ಗೆ ಒಯ್ಯುವ ಕಾರಲ್ಲ. ಹೀಗೆ ಓಡಿಸುವ ಕಾರಿಗೆ ಹೊರಗಿನ ಸಸ್ಪೆನ್ಷನ್ ಹಾಕಿಸಬೇಕು ಅಂತಿದ್ದರೆ ನನ್ನ ಮಾತು ಇಷ್ಟೇ: ದುಡ್ಡನ್ನು ಸ್ಪ್ರಿಂಗ್‌ನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಮೇಲೆ ಹಾಕಿ. ಕಾರು ತಗ್ಗಿಸುವ ವಿಷಯ ಆಮೇಲೆ ನೋಡೋಣ.

ಏನನ್ನೂ ಕೊಳ್ಳುವ ಮುಂಚೆ ಕಾರನ್ನು ಲಿಫ್ಟ್ ಮೇಲೆ ಏರಿಸಿ. ಚಕ್ರ ಹಿಡಿಯುವ ಲೋವರ್ ಆರ್ಮ್‌ನ ಬುಷ್ (ಕೀಲಿನ ರಬ್ಬರ್), ಸ್ಟ್ರಟ್ (ಮುಂದಿನ ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಕಂಬ) ಕೂರುವ ಮೌಂಟ್, ಲಿಂಕ್ ರಾಡ್ ನೋಡಿಸಿ. ನಮ್ಮ ಗುಂಡಿಗಳಿಗೆ ಬಿದ್ದೂ ಬಿದ್ದೂ ಇವು ಸವೆದಿರುತ್ತವೆ. ಬುಷ್ ಹರಿದ ಕಾರಿಗೆ ಎಷ್ಟೇ ದುಬಾರಿ ಕಿಟ್ ಹಾಕಿದರೂ ಸ್ಟಿಯರಿಂಗ್ ಸಡಿಲವಾಗಿಯೇ ಇರುತ್ತದೆ. ಆಮೇಲೆ ಟೈರ್. ಟಿಟಿಗೆ ಕಂಪನಿಯೇ ಕೊಟ್ಟ ಅಳತೆಗಳಲ್ಲಿ 245/40 ಆರ್18 ಒಂದು, 245/45 ಆರ್17 ಇನ್ನೊಂದು. ಮೊದಲನೆಯದರ ಪಕ್ಕದ ಗೋಡೆ 98 ಮಿಮೀ, ಎರಡನೆಯದರದ್ದು 110 ಮಿಮೀ. ಈ 12 ಮಿಮೀ ರಬ್ಬರ್ ರಿಮ್ ಉಳಿಸುತ್ತದೆ, ಕಾಂಕ್ರೀಟ್ ರಸ್ತೆಯ ಜಾಯಿಂಟ್‌ಗಳ ಟಕ್ ಟಕ್ ಕಡಿಮೆ ಮಾಡುತ್ತದೆ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಸಾಕಾಗಲಿಲ್ಲ ಅಂದರೆ ಸ್ಪ್ರಿಂಗ್ ಎಷ್ಟು ಗಟ್ಟಿ ಇರಬೇಕು ಅಂತ ತೀರ್ಮಾನ ಮಾಡಿ. ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು. ಕೆಲವು ಕಿಟ್‌ಗಳಲ್ಲಿ ಒಂದು ಮಿಮೀಗೆ ಇಷ್ಟು ಕೆಜಿ ಅಂತ ಬರೆದಿರುತ್ತದೆ, ಕೆಲವದರಲ್ಲಿ ಇಷ್ಟು ನ್ಯೂಟನ್ ಅಂತ. ಕೆಜಿಯನ್ನು 9.8ರಿಂದ ಗುಣಿಸಿದರೆ ನ್ಯೂಟನ್ ಸಿಗುತ್ತದೆ. ನನ್ನ ಕಾರಿನಲ್ಲಿ ಮುಂದಿನ ಒಂದೊಂದು ಸ್ಪ್ರಿಂಗ್ ಸುಮಾರು 350 ಕೆಜಿ ಹೊರುತ್ತದೆ ಅಂದುಕೊಳ್ಳಿ. ಸ್ಪ್ರಿಂಗ್ 28 ನ್ಯೂಟನ್‌ದಾದರೆ ಬಾಡಿ ಸೆಕೆಂಡಿಗೆ ಸುಮಾರು 1.4 ಸಲ ಮೇಲೆ ಕೆಳಗೆ ಆಡುತ್ತದೆ. 6 ಕೆಜಿ ಸ್ಪ್ರಿಂಗ್ ಹಾಕಿದರೆ ಅದು 2.1 ಆಗುತ್ತದೆ. ಸಾಮಾನ್ಯ ಸೆಡಾನ್‌ಗಳು 1ರಿಂದ 1.5ರ ನಡುವೆ ಇರುತ್ತವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರ ನಡುವೆ. ಬೆಂಗಳೂರಿಗೆ 1.7 ದಾಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ನನ್ನ ಕಾರಿಗೆ ಅದು ಹತ್ತಿರ ಹತ್ತಿರ 4 ಕೆಜಿ ಸ್ಪ್ರಿಂಗ್. ನಿಮ್ಮ ಕಾರಿನ ಲೆಕ್ಕ ಬೇಕಾದರೆ ನ್ಯೂಟನ್ ಸಂಖ್ಯೆಯನ್ನು 1000ದಿಂದ ಗುಣಿಸಿ, ಒಂದು ಸ್ಪ್ರಿಂಗ್ ಹೊರುವ ಕೆಜಿ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, ಬಂದದ್ದನ್ನು 6.28ರಿಂದ ಭಾಗಿಸಿ.

ಹಿಂದಿನ ಸ್ಪ್ರಿಂಗ್‌ನ ಸಂಖ್ಯೆ ನೋಡಿ ಗಾಬರಿ ಆಗಬೇಡಿ. ಟಿಟಿಯಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಸ್ಪ್ರಿಂಗ್ ಕೂರುವುದು ಆರ್ಮ್ ಮೇಲೆ, ಚಕ್ರಕ್ಕಿಂತ ಒಳಗೆ. ಚಕ್ರ 10 ಮಿಮೀ ಏರಿದಾಗ ಸ್ಪ್ರಿಂಗ್ 6 ಮಿಮೀ ಮಾತ್ರ ಅದುಮುತ್ತದೆ ಅಂದುಕೊಂಡರೆ, 80 ನ್ಯೂಟನ್ ಸ್ಪ್ರಿಂಗ್ ಚಕ್ರದ ಹತ್ತಿರ 29ರಷ್ಟೇ ಕೆಲಸ ಮಾಡುತ್ತದೆ. ಈ 0.6 ಅನುಪಾತದಿಂದ ಎರಡು ಸಲ ಗುಣಿಸಬೇಕು, ಅದಕ್ಕೇ ಇಷ್ಟು ಇಳಿಯುತ್ತದೆ.

ಈಗ ಎತ್ತರ. 30 ಮಿಮೀ ತಗ್ಗಿಸಿದರೆ ಚಕ್ರಕ್ಕೆ ಮೇಲೇರಲು ಇದ್ದ ಜಾಗದಲ್ಲೂ 30 ಮಿಮೀ ಹೋಗುತ್ತದೆ. ಆಮೇಲೆ ಗುಂಡಿಗೆ ಬಿದ್ದಾಗ ಹೊಡೆತ ತಿನ್ನುವುದು ಶಾಕ್ ಅಲ್ಲ, ಕೊನೆಯಲ್ಲಿ ತಡೆಯುವ ರಬ್ಬರ್ ತುಂಡು, ಅಂದರೆ ಬಂಪ್ ಸ್ಟಾಪ್. ‘ಸಸ್ಪೆನ್ಷನ್ ಗಟ್ಟಿ ಆಯ್ತು’ ಅಂತ ಬಹಳ ಜನ ಹೇಳುವುದು ನಿಜವಾಗಿ ಈ ಬಂಪ್ ಸ್ಟಾಪ್ ಹೊಡೆತವನ್ನೇ. ಮುಂದೆ ಸ್ಟ್ರಟ್ ಇರುವ ಕಾರಿನಲ್ಲಿ ಇನ್ನೊಂದು ತೊಂದರೆ ಇದೆ. ತಗ್ಗಿಸುತ್ತಾ ಹೋದರೆ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ತಿರುವಿನಲ್ಲಿ ಕಾರು ಹೆಚ್ಚು ವಾಲಲು ನೋಡುತ್ತದೆ. ಆಗ ಅದನ್ನು ತಡೆಯಲು ಮತ್ತೂ ಗಟ್ಟಿ ಸ್ಪ್ರಿಂಗ್ ಬೇಕಾಗುತ್ತದೆ. ಸುಮ್ನೆ ಚೆಂದಕ್ಕೆ ಅಂತ ಇಳಿಸಿದವರು ಇದನ್ನೆಲ್ಲ ಅನುಭವಿಸಬೇಕಾಗುತ್ತದೆ.

ಹಂಪ್‌ಗಳ ವಿಷಯ ಹೇಳಲೇಬೇಕು, ಅಲ್ವಾ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂಥದ್ದನ್ನು ಗಂಟೆಗೆ 25 ಕಿಮೀ ವೇಗದಲ್ಲಿ ದಾಟಬಹುದು. ನಮ್ಮ ಬಡಾವಣೆಗಳ ಒಳಗೆ ಕಾಣುವುದು ಗಿಡ್ಡ ಅಗಲದ, ಚೂಪಾದ ದಿಬ್ಬ. ನಿಮ್ಮ ಮನೆಯಿಂದ ಮುಖ್ಯರಸ್ತೆಗೆ ಬರುವ ದಾರಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಹಂಪ್ ಯಾವುದೋ, ಕಾರಿನ ಎತ್ತರ ಅದನ್ನು ನೋಡಿ ನಿರ್ಧಾರ ಆಗಲಿ. ನನಗೆ 15 ಮಿಮೀಗಿಂತ ಜಾಸ್ತಿ ಇಳಿಸುವ ಧೈರ್ಯ ಇಲ್ಲ.

ಎತ್ತರ ಹಾಗೇ ಇರಲಿ ಅನ್ನುವವರಿಗೆ ಬಿಲ್‌ಸ್ಟೈನ್ ಬಿ6 ಥರದ ಶಾಕ್ಸ್ ಸಾಕು. ಕಂಪನಿಯ ಸ್ಪ್ರಿಂಗ್ ಜೊತೆಗೇ ಕೂರುತ್ತವೆ. ಬಿ8 ಗಿಡ್ಡ, ತಗ್ಗಿಸುವ ಸ್ಪ್ರಿಂಗ್‌ಗೆ ಮಾಡಿದ್ದು. ಕೋನಿ ಸ್ಪೆಷಲ್ ಆಕ್ಟಿವ್ ನಿಮ್ಮ ಕಾರಿಗೆ ಸಿಕ್ಕರೆ ಮೊದಲು ಅದನ್ನು ಓಡಿಸಿ ನೋಡಿ. ಸಣ್ಣ ಸಣ್ಣ ಬೇಗದ ಕುಲುಕಾಟಕ್ಕೆ ತಾನೇ ಮೆತ್ತಗಾಗುವ ವಾಲ್ವ್ ಅದರಲ್ಲಿದೆ. ಒಡೆದ ಡಾಂಬರಿನ ಮೇಲೆ ಇದು ದೊಡ್ಡ ಉಪಕಾರ. ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಕಿಟ್) ಬೇಕೇ ಬೇಕು ಅಂದರೆ ಕೆಡಬ್ಲ್ಯು ಕಂಪನಿಯ ಉದಾಹರಣೆ ತೆಗೆದುಕೊಳ್ಳಿ: ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಿಸಬಹುದು, 2ರಲ್ಲಿ ರೀಬೌಂಡ್ (ಶಾಕ್ ಹಿಗ್ಗುವಾಗಿನ ತಡೆ) ಕೂಡ, 3ರಲ್ಲಿ ಕಂಪ್ರೆಷನ್ (ಅದುಮುವಾಗಿನ ತಡೆ) ಕೂಡ. ಒಂದೇ ಕೊಳವೆಯ ಮಾನೋಟ್ಯೂಬ್ ಶಾಕ್‌ಗೆ ಹೊರಗಿಂದ ಕಲ್ಲು ಬಡಿದು ನೆಗ್ಗಿದರೆ ಒಳಗಿನ ಪಿಸ್ಟನ್‌ಗೇ ಪೆಟ್ಟು. ಒಂದರೊಳಗೊಂದು ಕೊಳವೆ ಇರುವ ಟ್ವಿನ್ ಟ್ಯೂಬ್ ಇದನ್ನು ತಡೆದುಕೊಳ್ಳುತ್ತದೆ. ಜಲ್ಲಿ ರಸ್ತೆಯಲ್ಲಿ ಹೆಚ್ಚು ಓಡಾಡುವವರು ಇದನ್ನು ಯೋಚಿಸಿ.

ಆರ್ಡರ್ ಮಾಡುವ ಮುಂಚೆ ಸ್ಟ್ರಟ್‌ನ ವ್ಯಾಸವನ್ನು ವರ್ನಿಯರ್ ಹಿಡಿದು ಅಳೆಯಿರಿ. ನನ್ನ ಕಾರು, ಸ್ಕೋಡಾ ಲೌರಾ ಇವೆಲ್ಲ ಒಂದೇ ಕುಟುಂಬ. ಈ ಕುಟುಂಬದಲ್ಲಿ 50 ಮಿಮೀ, 55 ಮಿಮೀ ಎರಡೂ ಇವೆ. ತಪ್ಪು ತರಿಸಿದರೆ ಸುಂಕ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಕಾರಿನಲ್ಲಿ ಮ್ಯಾಗ್ನೆಟಿಕ್ ರೈಡ್ (ಕರೆಂಟ್‌ನಿಂದ ಗಟ್ಟಿತನ ಬದಲಿಸುವ ಶಾಕ್) ಇದ್ದರೆ, ಅದನ್ನು ತೆಗೆದ ಮೇಲೆ ಡ್ಯಾಶ್‌ಬೋರ್ಡ್ ಲೈಟ್ ಆರಿಸಲು ಕೋಡಿಂಗ್ ಮಾಡುವವರು ಬೇಕು.

ಕಾನೂನು ಕೂಡ ನೋಡಿ. ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೂ 5000 ರೂಪಾಯಿ ದಂಡ ಬೀಳಬಹುದು. ವಿಮೆ ಕಂಪನಿಗೆ ಬರೆದು ತಿಳಿಸಿಬಿಡಿ.

ಫಿಟ್ಟಿಂಗ್ ದಿನ ಗ್ಯಾರೇಜ್‌ನಲ್ಲೇ ನಿಂತಿರಿ. ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಡಸ್ಟ್ ಕವರ್ ಹೊಸದೇ ಹಾಕಿಸಿ. ಬುಷ್ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬಿಗಿಯಬೇಕು. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎತ್ತರವನ್ನು ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ, ಆಗ ಟೈರ್ ಗಾಳಿಯ ಲೆಕ್ಕ ಅಡ್ಡ ಬರುವುದಿಲ್ಲ. ಹೆಡ್‌ಲೈಟ್ ಎತ್ತರ ಸರಿಮಾಡಿಸಿ. ಶಾಕ್‌ನ ಗಟ್ಟಿತನ ಬದಲಿಸುವ ಡ್ಯಾಂಪಿಂಗ್ ಕ್ಲಿಕ್ ಇದ್ದರೆ ಪೂರ್ತಿ ಮೆತ್ತಗಿನ ಕಡೆಯಿಂದ ಶುರು ಮಾಡಿ. ದಿನದ ದಾರಿಯಲ್ಲೇ ಓಡಿಸಿ, ಹಂಪ್ ದಾಟಿದ ಮೇಲೆ ಬಾಡಿ ಒಂದೇ ಸಲಕ್ಕೆ ನಿಲ್ಲುವವರೆಗೆ ಒಂದೊಂದೇ ಕ್ಲಿಕ್ ಏರಿಸಿ. ಮೊದಲ ಅಲೈನ್‌ಮೆಂಟ್ ಫಿಟ್ಟಿಂಗ್ ಆದ ತಕ್ಷಣ. ಕೆಲವು ವಾರಗಳಲ್ಲಿ ಸ್ಪ್ರಿಂಗ್ ಒಂಚೂರು ಕೂರುತ್ತದೆ, ಜೊತೆಗೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ. ಆಗ ಇನ್ನೊಂದು ಸಲ ಮಾಡಿಸಿ, ಎರಡೂ ಪ್ರಿಂಟ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.